ಹತ್ತನೇ ಕ್ಲಾಸ್ ಅರ್ಧಕ್ಕೆ ಬಂದಿದೆ, ಮಗಳು ಶಾಲೆಗೆ ಹೋಗಲ್ಲ ಅಂತಿದ್ದಾಳೆ. ಈಗ ಶಾಲೆ ಬದಲಿಸಬಹುದಾ?

ಕೊಬ್ಬರಿ_ಮಿಠಾಯಿ · ಸೆ. 14, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ತಿಪಟೂರು–ತುರುವೇಕೆರೆ ನಡುವಿನ ಒಂದು ಹಳ್ಳಿ ನಮ್ಮದು. ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಏಳನೇ ಕ್ಲಾಸಿನ ತನಕ ಊರಿನ ಸರ್ಕಾರಿ ಶಾಲೆ, ಎಂಟರಿಂದ 14 ಕಿಲೋಮೀಟರ್ ದೂರದ ಒಂದು ಖಾಸಗಿ ಹೈಸ್ಕೂಲು, ಇಂಗ್ಲಿಷ್ ಮೀಡಿಯಂ. ಅದೂ ಹಳ್ಳೀಲೇ ಇರೋದು. ಶಾಲೆ ವ್ಯಾನಲ್ಲಿ ಹೋಗಿ ಬರ್ತಾಳೆ. ಒಂಬತ್ತರಲ್ಲಿ 88 ಪರ್ಸೆಂಟ್ ತೆಗೆದಿದ್ದಳು.

ಜೂನಲ್ಲಿ ಮಾರ್ಕ್ಸ್ ನೋಡಿ ಎ ಸೆಕ್ಷನ್, ಬಿ ಸೆಕ್ಷನ್ ಮಾಡಿದರು. ಇವಳು ಎ, ಇವಳ ಇಬ್ಬರು ಗೆಳತಿಯರು ಬಿ. ಎ ಸೆಕ್ಷನ್‌ಗೆ 'ಟಾರ್ಗೆಟ್ 600' ಅಂತ ಹೆಸರು. ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿದರೆ ಮನೆ ಸೇರೋದು ರಾತ್ರಿ ಏಳೂವರೆಗೆ. ಜುಲೈಯಿಂದ ಭಾನುವಾರ ಸಂಜೆ ಆದರೆ ಹೊಟ್ಟೆನೋವು ಅಂತಾಳೆ. ಡಾಕ್ಟ್ರಿಗೆ ತೋರಿಸಿದ್ವಿ, ಸ್ಕ್ಯಾನ್ ಮಾಡಿಸಿದ್ವಿ, ಏನೂ ಇಲ್ಲ. ಈವರೆಗೆ 16 ದಿನ ರಜೆ ಆಗಿದೆ. ಕೇಳಿದರೆ 'ಈ ಶಾಲೆ ಬೇಡ' ಅನ್ನೋದೊಂದೇ. ಯಾಕೆ ಅಂತ ಬಾಯಿ ಬಿಡಲ್ಲ.

ಮೈಸೂರಲ್ಲಿ ನಮ್ಮ ನಾದಿನಿ ಇದ್ದಾರೆ. 'ದಸರಾ ರಜೆಗೆ ಕಳಿಸಿ, ಇಲ್ಲೇ ಸೇರಿಸ್ತೀನಿ' ಅಂತಿದ್ದಾರೆ. ನಮ್ಮ ಮನೆಯವರು 'ಇನ್ನು ಆರು ತಿಂಗಳು ಹಲ್ಲು ಕಚ್ಕೊಂಡಿರಲಿ' ಅಂತಾರೆ. ಅತ್ತೆ ದೃಷ್ಟಿ ತೆಗೀತಾನೇ ಇದ್ದಾರೆ. ಮುಂದಿನ ವಾರ ಅರ್ಧವಾರ್ಷಿಕ ಪರೀಕ್ಷೆ ಬೇರೆ. ಏನು ಮಾಡಲಿ ಹೇಳಿ.

ರಾಗಿಮುದ್ದೆ72 · ರಾತ್ರಿ 10:51

ಆರು ತಿಂಗಳು ತಾನೇ. ತಳ್ಳಿಬಿಡಿ. ಈಗ ಬದಲಿಸಿದರೆ ಅಲ್ಲೂ ಇಲ್ಲ ಇಲ್ಲೂ ಇಲ್ಲ ಅನ್ನೋ ಹಾಗಾಗುತ್ತೆ.

ಮಳೆಗಾಲದವಳು · ರಾತ್ರಿ 11:05

@ರಾಗಿಮುದ್ದೆ72 ತಳ್ಳೋದು ಯಾರು ಸ್ವಾಮಿ? ನೀವಾ, ಆ ಹುಡುಗೀನಾ? ದಿನಕ್ಕೆ ಹನ್ನೆರಡೂವರೆ ಗಂಟೆ ಮನೆಯಿಂದ ಹೊರಗಿರ್ತಾಳೆ ಅಂತ ಆ ತಾಯಿ ಬರೆದಿದ್ದು ಓದಿದ್ರಾ?

ನಿವೃತ್ತ_ಹೆಡ್‌ಮೇಷ್ಟ್ರು · ಸೆ. 15, ಬೆಳಿಗ್ಗೆ 5:38

ತಾಯೀ, 31 ವರ್ಷ ಹೈಸ್ಕೂಲಲ್ಲಿ ಇದ್ದವನು ನಾನು. ಮೊದಲು ಕಾಗದಪತ್ರದ ಮಾತು ಮುಗಿಸೋಣ.

ಹತ್ತನೇ ತರಗತಿಯಲ್ಲಿ ಶಾಲೆ ಬದಲಿಸಲೇಬಾರದು ಅಂತೇನಿಲ್ಲ. ಆದರೆ ಒಂದೊಂದು ತಿಂಗಳು ಕಳೆದ ಹಾಗೂ ಕಷ್ಟ ಜಾಸ್ತಿ. ಮಂಡಳಿಗೆ ವಿದ್ಯಾರ್ಥಿಗಳ ಹೆಸರು ನೋಂದಣಿ ಮಾಡಿಸೋದು ಶಾಲೆಯೇ. ಅದು ಆದ ಮೇಲೆ ಕೇಳಿದರೆ ಎರಡೂ ಶಾಲೆಯವರು ಕೈ ಚೆಲ್ಲುತ್ತಾರೆ. ಆಂತರಿಕ ಅಂಕ ವಿಷಯಕ್ಕೆ 20, ಪ್ರಥಮ ಭಾಷೆಗೆ 25. ಇಲ್ಲಿತನಕದ ಎಫ್‌ಎ (ಶಾಲೆಯಲ್ಲೇ ನಡೆಸುವ ಕಿರುಪರೀಕ್ಷೆ) ಅಂಕಗಳೂ ಟಿ.ಸಿ. ಜೊತೆಗೇ ಹೋಗಬೇಕು. ಹಾಜರಾತಿ 75 ಪರ್ಸೆಂಟ್ ಇರಲೇಬೇಕು, ಹಳೇ ಶಾಲೆ ಹೊಸ ಶಾಲೆ ಎರಡೂ ಸೇರಿಸಿ ಲೆಕ್ಕ. 16 ದಿನಕ್ಕೆ ಗಾಬರಿ ಬೇಡ, ಆದರೆ ವೈದ್ಯರ ಚೀಟಿಗಳನ್ನು ಬಿಸಾಡಬೇಡಿ.

ಇನ್ನೊಂದು ಸಂಗತಿ. ನಿಮ್ಮ ಮಗಳ ಪ್ರಥಮ ಭಾಷೆ ಯಾವುದು? ಕನ್ನಡವಾದರೆ ತೊಂದರೆ ಇಲ್ಲ. 125ಕ್ಕೆ 125 ಬರುತ್ತೆ ಅಂತ ಸಂಸ್ಕೃತ ಕೊಡಿಸಿದ್ದರೆ, ಹೊಸ ಶಾಲೆಯಲ್ಲಿ ಅದು ಇದೆಯಾ ಅಂತ ಮೊದಲು ವಿಚಾರಿಸಿ.

ಸೈಬರ್_ಸೀನಣ್ಣ · ಬೆಳಿಗ್ಗೆ 9:20

ನಾನು ಸೈಬರ್ ಸೆಂಟರ್ ಇಟ್ಕೊಂಡಿದೀನಿ, ವರ್ಷವರ್ಷ ಸಿಇಟಿ ಅರ್ಜಿ ತುಂಬೋನು. ಇಲ್ಲಿ ಯಾರೂ ಹೇಳದೇ ಇರೋ ಮಾತು ಹೇಳ್ತೀನಿ ಕೇಳಿ ಅಕ್ಕ.

ಗ್ರಾಮೀಣ ಕೋಟಾ. ಸಿಇಟಿ ಸೀಟಲ್ಲಿ 15 ಪರ್ಸೆಂಟ್. ಅದು ಸಿಗಬೇಕಾದ್ರೆ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೇಲೇ ಓದಿರಬೇಕು. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ, ಮೇಲುಸಹಿ ಬೀಳಬೇಕು. ನಿಮ್ಮ ಮಗಳು ಒಂಬತ್ತೂವರೆ ವರ್ಷ ಓದಿ ಆಗಿದೆ. ಈಗ ಮೈಸೂರಿಗೆ ಸೇರಿಸಿದ್ರೆ ಅಷ್ಟೂ ನೀರಲ್ಲಿ ಹೋಮ. ಮೈಸೂರು ಬಿಡಿ, ತಿಪಟೂರೂ ನಗರಸಭೆ, ಅಲ್ಲಿಗೆ ಸೇರಿಸಿದ್ರೂ ಹೋಯ್ತು. ಇನ್ನು ಕನ್ನಡ ಮಾಧ್ಯಮದ 5 ಪರ್ಸೆಂಟ್ ಇದ್ಯಲ್ಲ, ಅದು ಎಂಟನೇ ಕ್ಲಾಸಲ್ಲಿ ಇಂಗ್ಲಿಷ್ ಮೀಡಿಯಂಗೆ ಹಾಕಿದಾಗಲೇ ಹೋಗಿದೆ, ಬೇಜಾರಾಗ್ಬೇಡಿ.

ಹೋದ ವರ್ಷ ಒಬ್ಬರು ಅಪ್ಪ ನನ್ ಅಂಗಡೀಲಿ ಕೂತು ಅತ್ತುಬಿಟ್ರು. ಮಗನ್ನ ಫೆಬ್ರವರೀಲಿ, ಹೌದು ಫೆಬ್ರವರೀಲಿ, 'ಒಳ್ಳೆ ಕೋಚಿಂಗು' ಅಂತ ಟೌನ್ ಸ್ಕೂಲಿಗೆ ಹಾಕಿದ್ರಂತೆ. ಕೋಟಾ ಹೋಯ್ತು.

ಮಳೆಗಾಲದವಳು · ಬೆಳಿಗ್ಗೆ 9:34

ಹೊಟ್ಟೆನೋವು ಅಂತ ಮುದುಡಿ ಮಲಗೋ ಮಗೂಗೆ ಕೋಟಾ ತೋರಿಸ್ತೀರಲ್ಲ, ಚೆನ್ನಾಗಿದೆ.

ಸೈಬರ್_ಸೀನಣ್ಣ · ಬೆಳಿಗ್ಗೆ 9:41

ತೋರಿಸ್ಬೇಕಮ್ಮ. ಗೊತ್ತಿದ್ದು ಬಿಡೋದು ಬೇರೆ, ಗೊತ್ತಿಲ್ದೆ ಕಳ್ಕೊಳ್ಳೋದು ಬೇರೆ. ನಾನು ಹೋಗ್ಬೇಡಿ ಅಂದ್ನಾ? ಅಲ್ಲೇ ಪಕ್ಕದ ಹೋಬಳೀಲಿ ಇನ್ನೊಂದು ಹಳ್ಳಿ ಶಾಲೆ ಇದ್ರೆ ನೋಡಿ ಅಂತೀನಿ. ಆಗ ಶಾಲೇನೂ ಬದಲಾಗುತ್ತೆ, ಕೋಟಾನೂ ಉಳಿಯುತ್ತೆ.

ಹುಬ್ಳಿ_ಗಿರ್ಮಿಟ್ · ಬೆಳಿಗ್ಗೆ 10:15

ಅಕ್ಕಾರ, ನಮ್ಮ ಅನುಭವ ಹೇಳ್ತೀನ್ರಿ. ನಮ್ಮ ಹುಡುಗ ಹತ್ತನೇತ್ತೆ ಇದ್ದಾಗ ಹಿಂಗ ಆಗಿತ್ತು. ದಿನಾ ಜಗಳ, ಮಾಸ್ತರ್ ಸರಿ ಇಲ್ಲ, ಹುಡುಗ್ರು ಸರಿ ಇಲ್ಲ. ನವೆಂಬರದಾಗ ತಗದು ಬ್ಯಾರೆ ಸಾಲಿಗಿ ಹಾಕಿದ್ವಿ. ನಿವೃತ್ತ ಸರ್ ಹೇಳಿದ್ರಲ್ರಿ, ಅದ ಸಂಸ್ಕೃತದ ಕತಿ! ಹೊಸಾ ಸಾಲ್ಯಾಗ ಸಂಸ್ಕೃತ ಇಲ್ಲ. ಹುಡುಗ ಹೊರಗ ಟ್ಯೂಷನ್ ಹೋಗಿ ಓದಬೇಕಾತು. ಸಮಾಜದಾಗ ಅಲ್ಲಿ ನಾಕ್ ಪಾಠ ಮುಂದ, ಇಲ್ಲಿ ನಾಕ್ ಪಾಠ ಹಿಂದ.

ಅದೆಲ್ಲಾ ಹೋಗ್ಲಿ ಬಿಡ್ರಿ. ಮುಖ್ಯ ಮಾತಂದ್ರ, ಎರಡು ತಿಂಗಳಾದ ಮ್ಯಾಲ ಹೊಸಾ ಸಾಲ್ಯಾಗೂ ಅದ ರಾಗ ತಗದ. ಆಮ್ಯಾಲ ಗೊತ್ತಾತು, ಅಂವಗ ಕಣ್ಣು ಸರಿ ಕಾಣ್ತಿದ್ದಿಲ್ಲ. ಬೋರ್ಡ್ ಓದಾಕ ಆಗೂದಿಲ್ಲ, ಹೇಳಾಕ ನಾಚಿಕಿ. ಮೈನಸ್ ಎರಡೂವರೆ ಚಷ್ಮಾ ಬಂತು. ಸಾಲಿ ಬದ್ಲಿ ಮಾಡೂ ಬದ್ಲಿ ಚಷ್ಮಾ ಮಾಡಿಸಿದ್ರ ಮುಗೀತಿತ್ತು.

ಉತ್ತರ_ದಕ್ಷಿಣ · ಬೆಳಿಗ್ಗೆ 10:22

@ಹುಬ್ಳಿ_ಗಿರ್ಮಿಟ್ ನಿಮ್ಮ ಮನೆಯವರು ಈ ಕತೆ ಎಷ್ಟು ಸಲ ಹೇಳಿ ನಗ್ತಾರೋ 😄

ಹುಬ್ಳಿ_ಗಿರ್ಮಿಟ್ · ಬೆಳಿಗ್ಗೆ 10:24

ಲಗ್ನ ಕಾರ್ಯಕ್ಕ ಹೋದಾಗೆಲ್ಲ ರೀ. ನಂಗಂತೂ ಇನ್ನೂ ನಗು ಬರೂದಿಲ್ಲ.

ಪುತ್ತೂರಿನ_ಪೋಡಿ · ಮಧ್ಯಾಹ್ನ 1:12

ನಾನು ತಾಯಿ ಆಗಿ ಹೇಳುವುದಲ್ಲ, ಆ ಹುಡುಗಿ ಆಗಿ ಹೇಳುವುದು.

2009ರಲ್ಲಿ ನಾನು ಹತ್ತನೇ. ದೊಡ್ಡ ಹೆಸರಿನ ಹಾಸ್ಟೆಲ್ ಶಾಲೆ. ದಿನಾ ರಾತ್ರಿ ಕಾಯಿನ್ ಬೂತಿನಿಂದ ಮನೆಗೆ ಫೋನ್ ಮಾಡಿ ಕರ್ಕೊಂಡು ಹೋಗಿ ಅಂತ ಕೂಗುತ್ತಿದ್ದೆ. ಅಪ್ಪ 'ಪರೀಕ್ಷೆ ಆಗ್ಲಿ ಮಗಾ' ಅಂತ ಹೇಳುವುದು. ಪರೀಕ್ಷೆ ಆಯಿತು. 568 ಬಂತು. ಪೇಪರಿನಲ್ಲಿ ಫೋಟೋ ಕೂಡಾ ಬಂದಿತ್ತು ಮಾರಾಯ್ರೇ. ಆ ವರ್ಷದ್ದು ಎಂತ ಕಲಿತೆ ಅಂತ ಈಗ ಕೇಳಿದರೆ ಒಂದೂ ನೆನಪಿಲ್ಲ, ಬಾತ್‌ರೂಮಿನ ನೀಲಿ ಬಕೆಟ್ ಮಾತ್ರ ನೆನಪುಂಟು. ಅಳುವುದು ಅಂತ ಇದ್ದರೆ ಅಲ್ಲಿಯೇ. ಪಿಯುಸಿಯಲ್ಲಿ ಪುಸ್ತಕ ತೆರೆದರೆ ವಾಂತಿ ಬರುವ ಹಾಗೆ ಆಗುತ್ತಿತ್ತು. ಒಂದು ವರ್ಷ ಹೋಯಿತು.

ಅಪ್ಪನ ಮೇಲೆ ಈಗ ಕೋಪ ಎಲ್ಲ ಇಲ್ಲ. ಆದರೆ ಒಂದು ಸಲ ಬಂದು ಎರಡು ದಿನ ನನ್ನನ್ನು ಮನೆಗೆ ಕರ್ಕೊಂಡು ಹೋಗಿ, ಎಂತ ಆಗಿದೆ ಅಂತ ಸುಮ್ಮನೆ ಕೂತು ಕೇಳ್ಲಿಕ್ಕೆ ಆಗ್ತಿರ್ಲಿಲ್ಲವಾ ಅಂತ ಈಗಲೂ ಅನಿಸ್ತದೆ. ಶಾಲೆ ಬಿಡಿಸಬೇಕು ಅಂತಲೇ ಇರ್ಲಿಲ್ಲ ನನಗೆ.

ರಾಗಿಮುದ್ದೆ72 · ಮಧ್ಯಾಹ್ನ 1:30

568 ಬಂತಲ್ಲ ಆದರೂ.

ಪುತ್ತೂರಿನ_ಪೋಡಿ · ಮಧ್ಯಾಹ್ನ 1:31

ನೀವು ನಮ್ಮ ಅಪ್ಪನೇ ಅಲ್ಲ ತಾನೇ?

ಮಸ್ಕತ್_ಮಲ್ಲಿಗೆ · ಮಧ್ಯಾಹ್ನ 2:48

ನಮ್ಮದು ಬೇರೆ ಥರ. ಇವರ ಕೆಲಸ ಹೋಗಿ ಮಸ್ಕತ್‌ನಿಂದ ಬೆಂಗಳೂರಿಗೆ ಬರಬೇಕಾಯ್ತು, ಮಗ ಆಗಷ್ಟೇ ಹತ್ತಕ್ಕೆ ಬಂದಿದ್ದ, ಸಿಬಿಎಸ್‌ಇ. ಅಲ್ಲಿ ಒಂಬತ್ತನೇ ಕ್ಲಾಸಿಗೇ ನೋಂದಣಿ ಆಗಿಬಿಡುತ್ತೆ. ಹತ್ತರಲ್ಲಿ ಶಾಲೆ ಬದಲಿಸಬೇಕಾದರೆ ಮಂಡಳಿಯ ಅನುಮತಿ ಬೇಕು, ಕಾರಣ ತೋರಿಸಬೇಕು, ದಾಖಲೆ ಕೊಡಬೇಕು. ಓಡಾಡಿ ಓಡಾಡಿ ಚಪ್ಪಲಿ ಸವೆದವು. ಆದರೆ ಹುಡುಗ ಎರಡೇ ವಾರದಲ್ಲಿ ಹೊಂದಿಕೊಂಡ. ಯಾಕೆ ಅಂದ್ರೆ ಅವನಿಗೆ ಹಳೇ ಶಾಲೆ ಮೇಲೆ ಬೇಜಾರೇ ಇರಲಿಲ್ಲ! ನೊಂದು ಬಿಟ್ಟು ಬಂದ ಮಗು ಹೊಸ ಕಡೆಗೂ ಆ ನೋವು ಹೊತ್ತುಕೊಂಡು ಬರುತ್ತೆ. ಹೊಸ ಶಾಲೆ ಚೆನ್ನಾಗಿದ್ದರೂ ಮೊದಲ ತಿಂಗಳು ಓದು ಆಗಲ್ಲ. ಅದನ್ನ ಲೆಕ್ಕಕ್ಕೆ ಹಿಡೀರಿ.

ಬೆಂಗ್ಳೂರ್_ಬಸ್‌ಸ್ಟಾಪ್ · ಮಧ್ಯಾಹ್ನ 3:10

ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಇದೆ. ಟಿ.ಸಿ. ಕೇಳಿದ ತಕ್ಷಣ ಕೊಡಲೇಬೇಕು. ಶಾಲೆಯವರು ಫೀಸ್ ಬಾಕಿ ಅಂತ ಆಟ ಆಡಿದರೆ ಬಿಡಬೇಡಿ.

ನಿವೃತ್ತ_ಹೆಡ್‌ಮೇಷ್ಟ್ರು · ಸಂಜೆ 4:02

@ಬೆಂಗ್ಳೂರ್_ಬಸ್‌ಸ್ಟಾಪ್ ಆ ಕಾಯ್ದೆ ಎಂಟನೇ ತರಗತಿಯವರೆಗೆ ಮಾತ್ರ. ಹತ್ತನೇ ತರಗತಿಗೆ ಅದನ್ನು ಹಿಡಿದುಕೊಂಡು ಹೋದರೆ ಮುಖ್ಯೋಪಾಧ್ಯಾಯರು ಕಾಫಿ ಕೊಟ್ಟು ವಾಪಸ್ ಕಳಿಸುತ್ತಾರೆ. ಕೊಡದಿದ್ದರೆ ಬಿಇಒ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು, ಅದೇ ದಾರಿ.

ಇನ್ನು ಶಾಲೆಗಳು ಮಕ್ಕಳನ್ನು ಏಳು ಗಂಟೆವರೆಗೆ ಯಾಕೆ ಕೂರಿಸುತ್ತವೆ ಅನ್ನೋದನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ರಾಜ್ಯದ ಫಲಿತಾಂಶ 83.89 ಪರ್ಸೆಂಟ್. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕ ಕೊಟ್ಟೂ 73.40ಕ್ಕೆ ಇಳಿಯಿತು. ಅವತ್ತಿನಿಂದ ಎಲ್ಲರಿಗೂ ಭಯ. ಇಲಾಖೆ ಶಾಲೆಯನ್ನು ಕೇಳುತ್ತೆ, ಶಾಲೆ ಮೇಷ್ಟ್ರನ್ನು ಕೇಳುತ್ತೆ, ಮೇಷ್ಟ್ರು ಯಾರನ್ನು ಕೇಳಬೇಕು? ನಾನೂ ಬೆಳಿಗ್ಗೆ ಐದಕ್ಕೆ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸಿದವನೇ. ಒಳ್ಳೇದು ಮಾಡಿದೆ ಅಂದುಕೊಂಡಿದ್ದೆ. ಈಗ ಮೊಮ್ಮಗಳಿಗೆ ಯಾರಾದರೂ ಹಾಗೆ ಫೋನ್ ಮಾಡಿದರೆ ಸಿಟ್ಟು ಬರುತ್ತೆ.

ಸಮಾಧಾನಕ್ಕೆ ಒಂದು ಮಾತು: ಈಗ ಪರೀಕ್ಷೆ ಬರೆಯೋಕೆ ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಹೆಚ್ಚು ಬಂದ ಅಂಕವೇ ಉಳಿಯುತ್ತೆ. ಒಂದು ದಿನದಲ್ಲಿ ಬದುಕು ಮುಳುಗುವ ಕಾಲ ಹೋಯಿತು.

ಸೈಬರ್_ಸೀನಣ್ಣ · ಸಂಜೆ 4:20

ಅದೂ ಅಲ್ದೆ ಇಂಜಿನಿಯರಿಂಗ್ ರ‍್ಯಾಂಕಿಗೆ ಎಸ್ಸೆಸ್ಸೆಲ್ಸಿ ಅಂಕ ಸೇರೋದೇ ಇಲ್ಲ. ಅರ್ಧ ಪಿಯುಸಿ, ಅರ್ಧ ಸಿಇಟಿ. ಎಸ್ಸೆಸ್ಸೆಲ್ಸಿ ಅಂಕ ಬೇಕಾಗೋದು ಪಿಯು ಸೀಟಿಗೆ, ಡಿಪ್ಲೊಮಾಗೆ, ಅಂಚೆ ಇಲಾಖೆ ಜಿಡಿಎಸ್ ಕೆಲಸಕ್ಕೆ.

ಉತ್ತರ_ದಕ್ಷಿಣ · ಸಂಜೆ 4:26

ಜಿಡಿಎಸ್‌ಗೆ ಈಗ ಕಟ್ ಆಫ್ ಎಷ್ಟಕ್ಕೆ ನಿಂತಿದೆ ಸೀನಣ್ಣ? ನಮ್ಮ ತಮ್ಮಂದು ಹಾಕಿಸ್ಬೇಕು.

ಸೈಬರ್_ಸೀನಣ್ಣ · ಸಂಜೆ 4:27

ಬೇರೆ ಪೋಸ್ಟ್ ಹಾಕಪ್ಪ, ಇಲ್ಲಿ ಬೇಡ.

ಶಾಲಾ_ಆಪ್ತೆ · ರಾತ್ರಿ 8:15

ನಾನು ಶಾಲೆಗಳಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡ್ತೀನಿ. ಕೊಬ್ಬರಿ ಮಿಠಾಯಿ ಅವರೇ, ಇಲ್ಲಿ ಎಲ್ಲರೂ 'ಎಲ್ಲಿಗೆ' ಅನ್ನೋದನ್ನೇ ಮಾತಾಡ್ತಿದ್ದಾರೆ. ನಾನು ಗಡಿಯಾರ ನೋಡಿ ಅಂತೀನಿ. ಹೊಟ್ಟೆನೋವು ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ನಿಲ್ಲುತ್ತೆ? ಗಣಿತದ ಪೀರಿಯಡ್ ಇರೋ ದಿನ ಜಾಸ್ತಿನಾ? ನೀವೇ ಬಿಟ್ಟು ಬಂದ ದಿನ ಹೇಗಿದ್ದಳು? ಊಟದ ಡಬ್ಬಿ ಖಾಲಿ ಬರುತ್ತಾ? ಒಂದು ವಾರ ಬರೆದಿಡಿ.

'ಯಾಕೆ' ಅಂತ ಎದುರು ಕೂರಿಸಿಕೊಂಡು ಕೇಳಬೇಡಿ. ಆ ವಯಸ್ಸಿಗೆ ಅದು ಪೊಲೀಸ್ ವಿಚಾರಣೆ ಥರ ಕೇಳಿಸುತ್ತೆ. ಕೈಗೆ ಕೆಲಸ ಇರುವಾಗ, ಮುಖ ನೋಡದೇ ಇರುವಾಗ ಮಕ್ಕಳು ಮಾತಾಡ್ತಾರೆ.

ಇನ್ನೊಂದು: 'ಸಾಯ್ಬೇಕು ಅನಿಸುತ್ತೆ', 'ನಾನಿಲ್ಲದಿದ್ರೆ ಚೆನ್ನಾಗಿತ್ತು' ಅನ್ನೋ ಥರ ಮಾತು ಬಂದರೆ, ಅಥವಾ ಮೈಮೇಲೆ ಗಾಯದ ಗುರುತು ಕಂಡರೆ ಪರೀಕ್ಷೆ, ಕೋಟಾ ಎಲ್ಲ ಆಮೇಲೆ. ಅವತ್ತೇ ವೈದ್ಯರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಕೊಬ್ಬರಿ_ಮಿಠಾಯಿ · ರಾತ್ರಿ 10:55

ಇಷ್ಟು ಜನ ಬರೀತೀರಿ ಅಂದ್ಕೊಂಡಿರಲಿಲ್ಲ. ಪ್ರಥಮ ಭಾಷೆ ಕನ್ನಡವೇ ಸರ್. ಗ್ರಾಮೀಣ ಕೋಟಾ ವಿಷಯ ಮನೆಯವರಿಗೂ ಗೊತ್ತಿರಲಿಲ್ಲ. ಸಾಯೋ ಮಾತೆಲ್ಲ ಆಡಿಲ್ಲ, ಗಾಯ ಏನೂ ಇಲ್ಲ, ಸ್ನಾನಕ್ಕೆ ಎಣ್ಣೆ ಹಚ್ಚುವಾಗ ನೋಡಿದೆ.

ಆಪ್ತೆ ಮೇಡಂ ಕೇಳಿದ್ದಕ್ಕೆ ಈಗ ಯೋಚನೆ ಬಂತು. ಜುಲೈಯಲ್ಲಿ ಒಂದು ವಾರ ವ್ಯಾನ್ ಕೆಟ್ಟಿತ್ತು. ಇವರೇ ಬೈಕಲ್ಲಿ ಬಿಡ್ತಿದ್ದರು. ಆ ವಾರ ಒಂದು ದಿನವೂ ರಜೆ ಹಾಕಿಲ್ಲ ಅವಳು.

ಮಳೆಗಾಲದವಳು · ರಾತ್ರಿ 10:58

ವ್ಯಾನ್!!

ಹುಬ್ಳಿ_ಗಿರ್ಮಿಟ್ · ರಾತ್ರಿ 11:03

ಚಷ್ಮಾ ಸಿಕ್ತು ನೋಡ್ರಿ.

ಶಾಲಾ_ಆಪ್ತೆ · ರಾತ್ರಿ 11:10

ಅವಸರ ಬೇಡ. ವ್ಯಾನ್ ಇರಬಹುದು, ಅಪ್ಪನ ಜೊತೆ ಹೋಗೋ ಖುಷಿಯೂ ಇರಬಹುದು. ನೀವಾಗಿ ವ್ಯಾನ್ ಅಂತ ಹೆಸರೆತ್ತಬೇಡಿ.

ಕೊಬ್ಬರಿ_ಮಿಠಾಯಿ · ಸೆ. 26, ರಾತ್ರಿ 9:30

ತಡವಾಗಿ ಬರೀತಿದೀನಿ, ಕ್ಷಮಿಸಿ. ಪರೀಕ್ಷೆ ಗಲಾಟೆ.

ಹೋದ ಭಾನುವಾರ ಇಬ್ಬರೂ ಹಿತ್ತಲಲ್ಲಿ ಕೂತು ಅವರೆಕಾಯಿ ಬಳ್ಳಿಗೆ ಕಡ್ಡಿ ನೆಡ್ತಾ ಇದ್ವಿ. ನಾನೇನೂ ಕೇಳಲಿಲ್ಲ. ತಾನೇ ಹೇಳಿದಳು. ಬೆಳಿಗ್ಗೆ ವ್ಯಾನಲ್ಲಿ ನಿದ್ದೆ ಹೋಗ್ತಾಳೆ, ಬಾಯಿ ತೆರೆದಿರುತ್ತೆ. ಯಾರೋ ಫೋಟೋ ತೆಗೆದು ವಾಟ್ಸಾಪ್ ಸ್ಟಿಕ್ಕರ್ ಮಾಡಿದ್ದಾರೆ. ಕೆಳಗೆ 'ಟಾರ್ಗೆಟ್ 600' ಅಂತ ಬರೆದು. ಇಡೀ ಹತ್ತನೇ ಕ್ಲಾಸಿನ ಮಕ್ಕಳ ಗುಂಪಲ್ಲಿ ಅದು ಓಡಾಡ್ತಿದೆ. ಅವತ್ತಿನಿಂದ ವ್ಯಾನಲ್ಲಿ ಕಣ್ಣು ಮುಚ್ಚಿಲ್ಲವಂತೆ. ರಾತ್ರಿ ಹನ್ನೊಂದರ ತನಕ ಹೋಂವರ್ಕ್, ಬೆಳಿಗ್ಗೆ ಐದೂವರೆಗೆ ಏಳೋದು, ವ್ಯಾನಲ್ಲೂ ನಿದ್ದೆ ಇಲ್ಲ. ನಾನು ಸ್ಕ್ಯಾನಿಂಗ್ ಮಾಡಿಸ್ಕೊಂಡು ಓಡಾಡ್ತಿದ್ದೆ.

ಮನೆಯವರು ಕೇಳಿದವರೇ ಕೊಬ್ಬರಿ ಹರಾಜಿಗೂ ಹೋಗದೆ ಶಾಲೆಗೆ ಹೋದರು. ಮೊದಲು 'ಮಕ್ಕಳಾಟ ಬಿಡಿ' ಅಂದರಂತೆ. ಇವರು ಕುರ್ಚಿ ಬಿಟ್ಟು ಏಳಲಿಲ್ಲ. ಆಮೇಲೆ ಮೂವರು ಮಕ್ಕಳನ್ನ ಕರೆಸಿ, ಅವರ ಅಪ್ಪ ಅಮ್ಮನ್ನೂ ಕರೆಸಿ ಡಿಲೀಟ್ ಮಾಡಿಸಿದ್ದಾರೆ. ಮಾಡಿದ್ದು ಯಾರು ಗೊತ್ತಾ, ಇವಳ ಜೊತೆ ಎ ಸೆಕ್ಷನ್ನಲ್ಲೇ ಪಕ್ಕ ಕೂರೋ ಹುಡುಗಿ.

ಈಗ ಬೆಳಿಗ್ಗೆ ಬೈಕಲ್ಲಿ ಬಿಡ್ತಾರೆ, ಸಂಜೆ ಐದಕ್ಕೆ ನಾನೇ ಹೋಗಿ ಕರ್ಕೊಂಡು ಬರ್ತೀನಿ, ವಿಶೇಷ ತರಗತಿ ಬೇಡ ಅಂತ ಬರೆದು ಕೊಟ್ಟಿದ್ದೀವಿ. ಇನ್ನೂ ಒಂದು ಕೇಳಿದ್ದಾಳೆ. ಬಿ ಸೆಕ್ಷನ್‌ಗೆ ಹೋಗ್ತೀನಿ, ಗೆಳತಿಯರ ಹತ್ತಿರ ಅಂತ. ಹೆಡ್‌ಮಾಸ್ಟರ್‌ಗೆ ಅರ್ಥವೇ ಆಗಲಿಲ್ಲವಂತೆ, ಎ ಇಂದ ಬಿ ಗೆ ಯಾರಾದರೂ ಕೇಳಿ ಹೋಗ್ತಾರಾ ಅಂತ. ಮನೆಯವರಿಗೂ ಹೊಟ್ಟೆ ಉರಿ. ಇನ್ನೂ ತೀರ್ಮಾನ ಆಗಿಲ್ಲ.

ಪುತ್ತೂರಿನ_ಪೋಡಿ · ರಾತ್ರಿ 9:52

ಕೊಟ್ಟುಬಿಡಿ ಅಕ್ಕಾ ಬಿ ಸೆಕ್ಷನ್. ಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ.

ರಾಗಿಮುದ್ದೆ72 · ರಾತ್ರಿ 10:05

ನೋಡಿ, ನಾನು ಮೊದಲೇ ಹೇಳಿದೆ, ಶಾಲೆ ಬದಲಿಸೋದು ಬೇಡ ಅಂತ.

ಮಳೆಗಾಲದವಳು · ರಾತ್ರಿ 10:06

ನೀವು ಹೇಳಿದ್ದು ತಳ್ಳಿ ಅಂತ. ಅವರು ತಳ್ಳಲಿಲ್ಲ, ಹೋಗಿ ಕೇಳಿದರು. ಮತ್ತೆ, ಶಾಲೆಯವರು ಕರೆಸದೇ ಇದ್ದಿದ್ದರೆ? ಆ ಸ್ಟಿಕ್ಕರ್ ಮಾರ್ಚ್ ತನಕ ಓಡಿದ್ದರೆ? ಆಗ ಮೈಸೂರೇ ಸರಿ ಅಂತ ನಾನು ಈಗಲೂ ಹೇಳ್ತೀನಿ. ಕೋಟಾ ಹೋದರೂ.

ಸೈಬರ್_ಸೀನಣ್ಣ · ರಾತ್ರಿ 10:20

ಅದಕ್ಕೆ ನಾನೂ ಒಪ್ತೀನಮ್ಮ. ನಮ್ಮಿಬ್ರದ್ದೂ ಕೊನೆಗೂ ಒಂದು ವಿಷಯದಲ್ಲಿ ಸರಿಹೋಯ್ತು.

ನಿವೃತ್ತ_ಹೆಡ್‌ಮೇಷ್ಟ್ರು · ಸೆ. 27, ಬೆಳಿಗ್ಗೆ 5:31

ಮೈಸೂರಿನ ಬಾಗಿಲು ಮುಚ್ಚಬೇಡಿ ತಾಯೀ. ಪಿಯುಸಿಗೆ ಹೇಗೂ ಎಲ್ಲರೂ ಕಾಲೇಜು ಬದಲಿಸಲೇಬೇಕು, ಆಗ ಹೋದರೆ ಗ್ರಾಮೀಣ ಕೋಟಾಕ್ಕೂ ಧಕ್ಕೆ ಇಲ್ಲ. ಅವಳಿಗೆ ಈಗಲೇ ಹೇಳಿ, ಜೂನ್‌ಗೆ ಅತ್ತೆ ಮನೆ ಅಂತ. ತಿಂಗಳು ಎಣಿಸೋಕೆ ಒಂದು ಕಾರಣ ಇರುತ್ತೆ.

ಕೊಬ್ಬರಿ_ಮಿಠಾಯಿ · ನ. 18, ರಾತ್ರಿ 8:47

ಯಾರೋ ಇನ್‌ಬಾಕ್ಸಲ್ಲಿ ಕೇಳಿದರು, ಅದಕ್ಕೆ ಬರೀತಿದೀನಿ. ಬಿ ಸೆಕ್ಷನ್‌ಗೆ ಹೋದಳು. ಈ ತಿಂಗಳು ಎರಡು ದಿನ ರಜೆ ಹಾಕಿದ್ದಾಳೆ, ಒಂದು ದಿನ ನಿಜವಾಗಲೂ ಜ್ವರ. ಗಣಿತ ಇನ್ನೂ ಹಿಂದೆ ಇದೆ. ಆ ಹುಡುಗಿ ಬಂದು ಸಾರಿ ಹೇಳಿದಳಂತೆ, ಇವಳು ಮಾತಾಡಿಸಲಿಲ್ಲವಂತೆ. ಮಾತಾಡಿಸು ಅಂತ ನಾನೂ ಹೇಳಲಿಲ್ಲ. ನೋಂದಣಿಗೆ ಫೋಟೋ ತೆಗೆಸ್ಕೊಂಡು ಬಂದಳು. ಹದಿನಾಲ್ಕು ಸಲ ತೆಗೆಸಿದ್ದಾಳೆ, ಸ್ಟುಡಿಯೋದವನಿಗೆ ಸಾಕಾಗಿ ಹೋಗಿತ್ತು.

ಉತ್ತರ_ದಕ್ಷಿಣ · ರಾತ್ರಿ 9:02

ಅಕ್ಕ, ನನ್ನ ತಂಗಿ ಮಗ ಫಸ್ಟ್ ಪಿಯು, ಹಾಸ್ಟೆಲ್. ಮೂರು ವಾರದಿಂದ ಫೋನೇ ಎತ್ತುತ್ತಿಲ್ಲ, ವಾರ್ಡನ್ ಮೂಲಕ 'ಚೆನ್ನಾಗಿದೀನಿ' ಅಂತ ಹೇಳಿ ಕಳಿಸ್ತಾನೆ. ಬೇರೆ ಪೋಸ್ಟ್ ಹಾಕಲಾ, ಇಲ್ಲೇ ಕೇಳಲಾ?

ಪುತ್ತೂರಿನ_ಪೋಡಿ · ರಾತ್ರಿ 9:04

ಪೋಸ್ಟ್ ಎಲ್ಲ ಆಮೇಲೆ. ನಾಳೆ ಮೊದಲ ಬಸ್ಸಿಗೆ ಹೊರಡ್ಲಿಕ್ಕೆ ಹೇಳಿ ತಂಗಿಗೆ.